ಹೆಸರು ಬದಲಿಸಿದ್ದೆ

ಹೋದ ವಾರ ಮಧ್ಯಾಹ್ನ ನಮ್ಮ ಕೇಂದ್ರದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಊಟದ ಡಬ್ಬಿ ಬಿಚ್ಚಿದಳು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ ಕೋಣೆಯ ತುಂಬ ಹರಡಿತು. "ಮೇಡಂ, ಒಂದ ರೊಟ್ಟಿ ತಗೋರಿ" ಅಂದಳು. ಹಸಿವಿಲ್ಲ ಅಂದೆ. ಸುಳ್ಳು. ಆ ಹಿಂಡಿ ಇವತ್ತಿಗೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ...

ವಿಶ್ವವಿದ್ಯಾಲಯದ ಈ ಸಾಮಾಜಿಕ ನ್ಯಾಯ ಅಧ್ಯಯನ ಕೇಂದ್ರಕ್ಕೆ ಈಗ ನಾನೇ ನಿರ್ದೇಶಕಿ. ಹಲವು ವರ್ಷಗಳ ಹಿಂದೆ ಇಲ್ಲೇ ಸಂಶೋಧನಾ ಸಹಾಯಕಿಯಾಗಿದ್ದೆ. ಶಾಲೆಗಳಲ್ಲಿ ಜಾತಿಭೇದ ಹೇಗೆ ನಡೆಯುತ್ತದೆಂದು ತಿಳಿಯಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿ ಹಳ್ಳಿ ಸುತ್ತುತ್ತಿದ್ದೆ. ಜಗತ್ತನ್ನು ನಾನೇ ಸರಿಮಾಡುವವಳು ಎಂಬ ಠೇಂಕಾರ ಬೇರೆ. ಆ ಊರುಗಳಲ್ಲೊಂದರ ಶಾಲೆಯಲ್ಲಿ ಒಬ್ಬಾಕೆ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ದಲಿತ ಕೇರಿಯವಳು. ಅಡುಗೆ ಅಕ್ಕ ಎನ್ನುತ್ತಿದ್ದೆ.

ಎರಡು ಸಲ ಹೋದಾಗಲೂ ಅಕ್ಕ ಬಾಯಿ ಬಿಡಲಿಲ್ಲ. "ಎಲ್ಲಾ ಚಲೋ ಐತ್ರಿ ಬಾಯಾರ, ಹಂಗ ಬರ್ಕೋರಿ" ಎಂದು ಬೇಳೆ ತೊಳೆಯುತ್ತ ಕೂತಳು. ಆಗಿನ ನಿರ್ದೇಶಕರು ನಮಗೊಂದು ಉಪಾಯ ಹೇಳಿಕೊಟ್ಟಿದ್ದರು: ಮೊದಲು ಅವರ ಮನೆಯಲ್ಲಿ ಉಣ್ಣಬೇಕು, ಮಾತು ಆಮೇಲೆ ತಾನಾಗಿ ಬರುತ್ತದೆ. ಮೂರನೆಯ ಸಲ ಆಕೆಯ ಮನೆಗೇ ಹೋಗಿ ಹಸಿವಾಗಿದೆ ಅಂದೆ. ರೊಟ್ಟಿ, ಹಿಂಡಿ ಕೊಟ್ಟು, ನಾನು ಮೊದಲ ತುತ್ತು ನುಂಗುವವರೆಗೂ ನನ್ನ ಮುಖವನ್ನೇ ನೋಡಿದಳು. ನುಂಗಿದೆ.

ಆಮೇಲೆ ಹೇಳಿದಳು. ಆಕೆ ಮಾಡಿದ್ದನ್ನು ಕೆಲವು ಮನೆಗಳ ಮಕ್ಕಳು ಉಣ್ಣುತ್ತಿರಲಿಲ್ಲ, ಮನೆಯಿಂದಲೇ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದವು. ಆಗಸ್ಟ್ ಹದಿನೈದಕ್ಕೆ ಊರ ಹಿರಿಯರು ಉಣ್ಣಲು ಬಂದರೆ ಬೇರೊಬ್ಬಳನ್ನು ಒಲೆಯ ಮುಂದೆ ಕೂರಿಸಿ, ಆಕೆಯನ್ನು ಹಿತ್ತಲಿಗೆ ಕಳಿಸುತ್ತಿದ್ದರು...

"ನನ್ನ ಹೆಸರ ಹಾಕಬ್ಯಾಡ್ರಿ ಮತ್ತ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿನ ಅದೇನಿ."

"ಹೆಸರ ಬದ್ಲಿ ಮಾಡ್ತೇನ್ರಿ ಅಕ್ಕಾರ" ಅಂದೆ.

ಮಾತು ಉಳಿಸಿಕೊಂಡೆ, ಹೆಸರು ಬದಲಿಸಿದೆ. ಆದರೆ ಊರು ಬರೆದೆ, ಶಾಲೆ ಬರೆದೆ, ವಯಸ್ಸು ಬರೆದೆ, ಮಕ್ಕಳೆಷ್ಟೆಂದು ಬರೆದೆ. ಆಕೆಯ ಕೈಮೇಲಿದ್ದ ಗುರುತನ್ನೂ ಬಿಡಲಿಲ್ಲ. ಎಂಥ ಗುರುತೆಂದು ಈಗ ಹೇಳಲಾರೆ. ಬರವಣಿಗೆಯಲ್ಲಿ ಜೀವ ಇದೆ ಎಂದು ನಿರ್ದೇಶಕರು ಬೆನ್ನು ತಟ್ಟಿದರು. ನಾನು ಹಿಗ್ಗಿದೆ.

ಊರಿಂದ ತಂದದ್ದು ಊರಿಗೆ ಮುಟ್ಟಬೇಕು ಎನ್ನುವುದು ಕೇಂದ್ರದ ಪದ್ಧತಿ. ನಾನು ಬರೆದ ಅಧ್ಯಾಯವೂ ಸೇರಿ ಅಧ್ಯಯನದ ಪುಸ್ತಕ ಅಚ್ಚಾದ ಮೇಲೆ, ಹೋಗಿಬಂದ ಶಾಲೆಗಳಿಗೆಲ್ಲ ಒಂದೊಂದು ಪ್ರತಿ. ವಿಳಾಸ ಬರೆದು ಅಂಚೆಗೆ ಹಾಕಿದವಳು ನಾನೇ. ತಿಂಗಳೊಳಗೆ ಶಾಲೆಯವರು ಅಕ್ಕನನ್ನು ಕೆಲಸದಿಂದ ಬಿಡಿಸಿದರು. ಹೇಳಿದ ಕಾರಣ, ಆಕೆಯ ಸಾರು ರುಚಿಯಿಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೊಸದೇನಲ್ಲ. ಈ ಸಲ ಕಬ್ಬಿಣ ಕಾಯಿಸಿ ಕೊಟ್ಟವಳು ಮಾತ್ರ ನಾನು.

ಎರಡು ಬಸ್ಸು ಬದಲಿಸಿ ಆಕೆ ಕೇಂದ್ರಕ್ಕೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ಆಡಿದ ಮೊದಲ ಮಾತು ಏನು ಗೊತ್ತೆ? "ನಾ ಹೆಸರ ಬದ್ಲಿ ಮಾಡೇನಲ್ರಿ."

"ಹೆಸರಷ್ಟ ಬ್ಯಾರೆ ಐತ್ರಿ ಬಾಯಾರ. ಉಳದದ್ದೆಲ್ಲಾ ನಾನ ಅದೇನಿ" ಅಂದಳು. ಸಿಟ್ಟಿರಲಿಲ್ಲ. "ನಾ ಹಂಗ ಹೇಳೇ ಇಲ್ಲಂತ ಒಂದ ಕಾಗದ ಬರದ ಕೊಡ್ರಿ. ಮತ್ತ ಕೆಲಸಕ್ಕ ತಗೋತಾರ."

ಕೇಂದ್ರದ ಸಿಕ್ಕೆ ಒತ್ತಿದ ನಾಲ್ಕು ಸಾಲು, ಅಷ್ಟೇ. ಬರೆಯಲಿಲ್ಲ. ನಿಜವನ್ನು ಸುಳ್ಳೆಂದು ಹೇಗೆ ಬರೆದುಕೊಡಲಿ ಎಂದು ಆಕೆಗೇ ಬುದ್ಧಿ ಹೇಳಿದೆ. ನಿಜದ ಮೇಲಿನ ಪ್ರೀತಿಯೇನಲ್ಲ, ಆ ಅಧ್ಯಾಯದ ಮೇಲೆ ನನ್ನ ಪಿಎಚ್‌ಡಿ ನಿಂತಿತ್ತು. ಮೇಲಿನವರಿಗೆ ಅರ್ಜಿ ಹಾಕೋಣ ಅಂದೆ. "ಆತ್ರಿ" ಎಂದು ಹೊರಟುಹೋದಳು. ಆ ಅರ್ಜಿಯನ್ನೂ ನಾನು ಬರೆಯಲಿಲ್ಲ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಹೋದ ವಾರ ಆ ಡಬ್ಬಿ ನೋಡಿದ ಮರುದಿನ ಅಕ್ಕನ ಊರಿಗೆ ಹೋದೆ. ತಪ್ಪಾಯಿತು ಎಂದು ಇಷ್ಟು ವರ್ಷಗಳ ಮೇಲಾದರೂ ಹೇಳಬೇಕಿತ್ತು. ಬಾಗಿಲು ತೆರೆದವಳು ಮಗಳು. ನಾನು ಯಾರೆಂದು ಹೇಳಿದೆ. ಕೆಲಸ ಹೋದ ಮೇಲೆ ಅಕ್ಕ ಚಡಚಣದ ಕಡೆ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳಂತೆ. "ಅವ್ವ ತೀರ್ಕೊಂಡ ಎರಡ ವರ್ಷ ಆತ್ರಿ" ಅಂದಳು. ಯಾರಿಗೆ ಹೇಳಬೇಕಿತ್ತೋ ಆಕೆಯೇ ಇರಲಿಲ್ಲ. ಮಗಳು ನನ್ನ ಹೆಗಲಿನ ಚೀಲ ನೋಡಿದಳು.

"ಮತ್ತ ಏನರ ಬರ್ಕೊಳ್ಳಾಕ ಬಂದೀರೇನ್ರಿ?"

"ಇಲ್ಲವ್ವಾ" ಅಂದೆ.

ಹಾಗೆಂದು ಬಂದವಳು, ಇದನ್ನು ಬರೆದಿದ್ದೇನೆ.