ಖಾಲಿ ತೋಟೆಯ ಸಿಳ್ಳೆ

ನಮ್ಮ ಕಡೆ ಜನವರಿಯೆಂದರೆ ನಡುಬೇಸಿಗೆ; ಮೊದಲ ಬಿಸಿ ಬಡಗಣ ಗಾಳಿ ಬೀಸಿದ ದಿನ ದಾಲ್ಮಾಸಿಯೊ ನನ್ನ ಬಾಗಿಲಿಗೆ ಬರುತ್ತಿದ್ದ. ಹನ್ನೊಂದು ಬೇಸಿಗೆಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಹೊಲಿಗೆ ಹಾಕಿಸುವ ನೆಪಕ್ಕೆ ತೊಗಲಿನ ಕಾಲ್ಗವಸು ಕೈಯಲ್ಲಿರುತ್ತಿತ್ತು. ಅದರಲ್ಲಿ ಬಿಚ್ಚಿದ ಹೊಲಿಗೆ ಒಂದೂ ಇರುತ್ತಿರಲಿಲ್ಲ. ನಾನು ಹಾಕಿದ ಹೊಲಿಗೆ ಹಾಗೆಲ್ಲ ಬಿಚ್ಚುವಂಥದ್ದಲ್ಲ. ಹೊಸ್ತಿಲಾಚೆ ನಿಂತು, ಟೋಪಿ ತೆಗೆದು, ಕೇಳುತ್ತಿದ್ದ.

“ಓತಿಲಿಯಾ, ನಮ್ಮ ಎವಾರಿಸ್ತೋನ ಸೊಂಟಪಟ್ಟಿಯಲ್ಲಿ ಖಾಲಿ ತೋಟೆ ಏನಾದ್ರೂ ಇತ್ತಾ?”

“ಇಲ್ಲ ಮಾರಾಯ.”

“ಸರಿಯಾಗಿ ನೋಡಿದ್ಯಾ?”

“ಎರಡು ಕಣ್ಣಿಟ್ಟು ನೋಡಿದೀನಿ. ಇರ್ಲಿಲ್ಲ.”

ತಲೆಯಾಡಿಸಿ ಹೋಗುತ್ತಿದ್ದ. ನಾನು ಹೇಳುತ್ತಿದ್ದದ್ದು ಹಸಿ ಸುಳ್ಳು. ಆ ತೋಟೆ, ಗುಂಡು ಹಾರಿದ ಮೇಲೆ ಉಳಿಯುವ ಬರಿಯ ಕೊಳವೆ, ನನ್ನ ಸೂಜಿ, ಮೇಣ ಇಡುವ ಡಬ್ಬಿಯ ತಳದಲ್ಲೇ ಬಿದ್ದಿತ್ತು.

ನಮ್ಮೂರು ಲಗೂನಾ ಸೇಕಾದಲ್ಲಿ ಗಂಡಸರೆಲ್ಲ ಬೇಟೆಯವರು. ಚಾಕೊದ ಈ ಮುಳ್ಳುಕಾಡಿನಲ್ಲಿ ಇನ್ನೇನು ಮಾಡಿಯಾರು? ಬೇಸಿಗೆಯಲ್ಲಿ ಉಡ, ಚಳಿಯಲ್ಲಿ ಕಾಡುಹಂದಿ. ಅವರ ತೊಗಲಿನ ಸಾಮಾನೆಲ್ಲ ಹೊಲಿಯುವವಳು ನಾನು: ಮುಳ್ಳಿಗೂ ಹಾವಿಗೂ ತಡೆಯಾಗುವ ಕಾಲ್ಗವಸು, ಮಚ್ಚಿನ ಒರೆ, ತೋಟೆ ಸಿಕ್ಕಿಸುವ ಸೊಂಟಪಟ್ಟಿ. ಗಂಡ ಸತ್ತ ದಿನ ಅವನ ದಬ್ಬಳ ಕೈಗೆತ್ತಿಕೊಂಡವಳು ಇನ್ನೂ ಕೆಳಗಿಟ್ಟಿಲ್ಲ. ಯಾವ ಗಂಡಸು ಕಾಡಿನಲ್ಲಿ ಎಷ್ಟು ಶೂರ ಎಂಬುದನ್ನು ಕಾಲ್ಗವಸು ತಿರುಗಿಸಿ ನೋಡಿದರೆ ಹೇಳಬಲ್ಲೆ. ಹಂದಿ ಕಂಡು ಓಡಿದವನ ತೊಗಲು ಹಿಂದುಗಡೆ ಗೀರಿರುತ್ತದೆ.

ಉಡದ ಬೇಟೆಗೆ ಉರಿಬಿಸಿಲೇ ಬೇಕು. ನೆತ್ತಿ ಸುಡುವ ಮಧ್ಯಾಹ್ನ, ಊರೆಲ್ಲ ಬಾಗಿಲು ಮುಚ್ಚಿ ಮಲಗಿರುವಾಗ ಅದು ಬಿಲ ಬಿಟ್ಟು ಬರುತ್ತದೆ. ಆ ಹೊತ್ತು ನಮ್ಮದಲ್ಲ, ಪೊಂಬೇರೊನದು. ಅವನು ಕಾಡಿನ ಒಡೆಯ. ಕುಳ್ಳ, ಮೈತುಂಬ ರೋಮ, ನಡೆದರೆ ಸದ್ದಿಲ್ಲ. ಹತ್ತಿರ ಇದ್ದಾನೆಂದು ತಿಳಿಯುವುದು ಸಿಳ್ಳೆಯಿಂದ ಮಾತ್ರ. ಮಧ್ಯಾಹ್ನ ಕಾಡಿನಲ್ಲಿ ಸಿಳ್ಳೆ ಕೇಳಿದರೆ ಓಗೊಡಬಾರದು, ತಿರುಗಿ ನೋಡಬಾರದು, ಮರದ ಬುಡಕ್ಕೆ ಚಿಟಿಕೆ ಹೊಗೆಸೊಪ್ಪು ಇಟ್ಟು ಮನೆಯ ದಾರಿ ಹಿಡಿಯಬೇಕು. ಓಗೊಟ್ಟವನು ಮರಳುವುದಿಲ್ಲ. ಇದನ್ನು ನಮಗೆ ತಾಯಿಯ ಹಾಲಿನ ಜೊತೆಗೇ ಕುಡಿಸಿರುತ್ತಾರೆ. ಬೆಳಿಗ್ಗೆ ಖಾಲಿ ತೋಟೆಯ ಬಾಯಿಗೆ ತುಟಿಯಿಟ್ಟು ಊದಿ ನಾಯಿಗಳನ್ನು ಕರೆಯುವ ಗಂಡಸರು ಕೂಡ ಹೊತ್ತು ನೆತ್ತಿಗೇರುವ ಮುಂಚೆ ಅದನ್ನು ಪಟ್ಟಿಗೆ ಸಿಕ್ಕಿಸಿಬಿಡುತ್ತಾರೆ.

ಈ ಕಟ್ಟಳೆಗಳಲ್ಲಿ ದಾಲ್ಮಾಸಿಯೊನಷ್ಟು ಬಿಗಿ ಇನ್ನೊಬ್ಬನಿರಲಿಲ್ಲ. ಒಣಕಲು ಮೈ, ಕಡಿಮೆ ಮಾತು, ಆರು ನಾಯಿಗಳು. ಕಾಡಿಗೆ ಕಾಲಿಡುವಾಗ ಶಿಲುಬೆಯ ಗುರುತು ಮಾಡಿಕೊಂಡು, ಮೊದಲ ಮರಕ್ಕೆ ಹೊಗೆಸೊಪ್ಪಿಟ್ಟೇ ಮುಂದಕ್ಕೆ ಹೆಜ್ಜೆ. ತಮ್ಮ ಎವಾರಿಸ್ತೊ ಇದಕ್ಕೆ ತದ್ವಿರುದ್ಧ, ಬಾಯಿತುಂಬ ನಗು.

“ನಿನ್ನ ಘಾಟು ಹೊಗೆಸೊಪ್ಪು ಸೇದಿ ಸೇದಿ ಪೊಂಬೇರೊಗೆ ಗೂರಲು ಹತ್ತಿದೆ ಕಣೋ ಅಣ್ಣ! ಒಂದಿನನಾದ್ರೂ ಒಳ್ಳೇದು ಇಡೋ.”

“ಬಾಯ್ಮುಚ್ಚು, ಕತ್ತೆ. ಅವನಿಗೆ ಕೇಳ್ಸುತ್ತೆ.”

ಹೀಗೆ ಜಗಳವಾಡುತ್ತಲೇ ನನ್ನ ಬಾಗಿಲ ಮುಂದೆ ಹಾದುಹೋಗುತ್ತಿದ್ದರು. ಇಬ್ಬರಿಗೂ ಸೇರಿ ಒಂದೇ ನೀರಿನ ಕ್ಯಾನು, ತಣ್ಣೀರಲ್ಲಿ ಸೊಪ್ಪು ನೆನೆಸಿದ ತೆರೆರೆ ಹೀರಲು ಒಂದೇ ಕೊಂಬಿನ ಬಟ್ಟಲು. ನಡುಕಾಡಿನ ಒಂದು ಮರಕ್ಕೆ ಕ್ಯಾನು ತೂಗುಹಾಕಿ, ಅಲ್ಲಿಂದ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಬಾಯಾರಿದವನು ಮರಕ್ಕೆ ಬರಬೇಕು. ಉಡವನ್ನು ಹಿಡಿಯುವುದು ನಾಯಿ. ಗುಂಡು ಹೊಡೆದರೆ ತೊಗಲು ಹಾಳು. ಆದ್ದರಿಂದ ಹಂದಿ ಎದುರಾದರೆ ಇರಲಿ ಎಂದು ಒಂದೆರಡು ತೋಟೆ ಮಾತ್ರ ಒಯ್ಯುತ್ತಾರೆ. ಒಂದು ಗುಂಡು ಎಂದರೆ ಬೇಟೆ ಬಿತ್ತು. ಬೆನ್ನಿಗೇ ಎರಡನೆಯದು ಎಂದರೆ ಬಾ, ನನಗೇನೋ ಆಗಿದೆ.

ಕೊನೆಯ ಸಲ ಕಾಡಿಗೆ ಹೋದ ದಿನ ಎವಾರಿಸ್ತೋನ ಬಳಿ ಇದ್ದದ್ದು ಒಂದೇ ತೋಟೆ.

ಮುಂದಿನದನ್ನು ದಾಲ್ಮಾಸಿಯೊ ಮೊದಲ ವರ್ಷ ಬಂದಾಗ ನನಗೊಬ್ಬಳಿಗೆ ಹೇಳಿದ್ದ. ಮಧ್ಯಾಹ್ನ ಮರದ ಬುಡದಲ್ಲಿ ಕೂತು ನೀರು ಕುಡಿಯುತ್ತಿದ್ದನಂತೆ. ಎಡಗಡೆಯಿಂದ ಒಂದು ಗುಂಡಿನ ಸದ್ದು. ಹಂದಿ ಬಿತ್ತು, ಇನ್ನು ಅದನ್ನು ಹೊತ್ತುಕೊಂಡು ಹಳ್ಳದ ದಾರಿಯಲ್ಲಿ ನೇರ ಮನೆಗೆ ಹೋಗುತ್ತಾನೆ ಎಂದುಕೊಂಡ. ಎವಾರಿಸ್ತೊ ಯಾವಾಗಲೂ ಹಾಗೇ ಮಾಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಸಿಳ್ಳೆ ಕೇಳಿಸಿತು. ಸಣ್ಣಗೆ, ಮೂರು ಸಲ. ನಿಂತು, ಮತ್ತೆ ಮೂರು ಸಲ. ದಾಲ್ಮಾಸಿಯೊ ಹೊಗೆಸೊಪ್ಪನ್ನೆಲ್ಲ ಬುಡಕ್ಕೆ ಸುರಿದು, ಕಿವಿಗೆ ಬೆರಳಿಟ್ಟುಕೊಂಡು ಮನೆಗೆ ಬಂದ. ಒಂದು ವೇಳೆ ತಮ್ಮ ಮರದ ಕಡೆಗೇ ಬಂದರೆ ಬೇಕಾದೀತೆಂದು ಕ್ಯಾನನ್ನು ಮರದಲ್ಲೇ ಬಿಟ್ಟ. ಅರ್ಧ ಕ್ಯಾನು ನೀರಿತ್ತು.

ಮರುದಿನ ಆರು ಜನ ಹುಡುಕಲು ಹೋದರು. ಎವಾರಿಸ್ತೊ ಉಡದ ಬಿಲದಲ್ಲಿ ಕಾಲು ಸಿಕ್ಕು, ಮೊಣಕಾಲ ಕೆಳಗೆ ಮೂಳೆ ಮುರಿದು ಬಿದ್ದಿದ್ದ. ಬಿಸಿಲು ಕೊಂದಿತ್ತು. ಆ ಮರದಿಂದ ಅಲ್ಲಿಗೆ ನಾನೂರು ಹೆಜ್ಜೆ.

ತಿಂಗಳು ಕಳೆದ ಮೇಲೆ ಅವನ ಹೆಂಡತಿ ಎದೆಲ್ಮಿರಾ ಸೊಂಟಪಟ್ಟಿಯನ್ನು ನನ್ನ ಬಳಿ ತಂದಳು, ತನ್ನ ಅಣ್ಣನ ಸೊಂಟಕ್ಕೆ ಸರಿಮಾಡಿಸಲು. ಕೊನೆಯ ಕುಣಿಕೆಯಲ್ಲಿ ಹಿತ್ತಾಳೆಯ ಖಾಲಿ ತೋಟೆ. ಬಾಯಿಯ ಸುತ್ತ ಕರಿಗಟ್ಟಿದ ರಕ್ತ. ತುಟಿ ಒಡೆದವನು ಊದಿದ ಗುರುತು. ಅದನ್ನು ತೆಗೆದು ಡಬ್ಬಿಗೆ ಹಾಕಿದೆ, ಎದೆಲ್ಮಿರಾಗೂ ಹೇಳಲಿಲ್ಲ. ಆಮೇಲೆ ದಾಲ್ಮಾಸಿಯೊ ಬಂದ. ತೋಟೆ ಇಲ್ಲದಿದ್ದರೆ ಆ ಸಿಳ್ಳೆ ಪೊಂಬೇರೊನದು, ಅಣ್ಣ ಮಾಡಿದ್ದು ಸರಿ. ಇದ್ದರೆ ಕರೆದವನು ತಮ್ಮ. ನಾನು ಮೆತ್ತಗಿನ ಹೆಂಗಸಲ್ಲ, ಊರಿನವರನ್ನು ಕೇಳಿ ನೋಡಿ. ಆದರೆ ಆ ಮುಖ ನೋಡಿ ‘ಇತ್ತು’ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ.

ತಮ್ಮ ಸತ್ತಂದಿನಿಂದ ದಾಲ್ಮಾಸಿಯೊ ಬೇಟೆ ಬಿಟ್ಟ. ನಾಯಿಗಳನ್ನು ಹಂಚಿದ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಾತ್ರ ಕ್ಯಾನಿನ ತುಂಬ ನೀರು ಹೊತ್ತು ಕಾಡಿಗೆ ಹೋಗುತ್ತಿದ್ದ. ಯಾವ ಸಿಳ್ಳೆ ಕೇಳಲಿ, ಹಕ್ಕಿಯದೇ ಆಗಿರಲಿ, “ಬಂದೆ, ಬಂದೆ” ಎಂದು ಓಗೊಟ್ಟು ಅತ್ತ ನಡೆಯುತ್ತಿದ್ದ. ಗಂಡಸರು ಅವನ ನೆರಳಿಗೂ ಹೆದರಿದರು. ಹೆದರಿಕೆ ಮುಚ್ಚಿಕೊಳ್ಳಲು ಪೊಂಬೇರೊನ ಭಾವಮೈದ ಎಂದು ಆಡಿಕೊಂಡರು.

“ಏನ್ ಭಾವ, ಇವತ್ತು ಮನೆಯವ್ರು ಊಟಕ್ಕೆ ಕರೆದಿದಾರಾ?”

“ಕರೆದ್ರೆ ಹೋಗ್ಬೇಕಲ್ಲಪ್ಪ,” ಎನ್ನುತ್ತಿದ್ದ ಅವನು. ಕೇಳಿದವರ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಹನ್ನೊಂದನೆಯ ಬೇಸಿಗೆ, ಅವನು ಬಂದು ಕೇಳಿಹೋದ ವಾರಕ್ಕೆ, ನಾನೊಂದು ಕೆಲಸ ಮಾಡಿದೆ. ಅದನ್ನು ನೆನೆದರೆ ಈಗಲೂ ನನ್ನ ಕೈ ಕಡಿದುಕೊಳ್ಳೋಣ ಅನ್ನಿಸುತ್ತದೆ. ಮಧ್ಯಾಹ್ನ ಸೆಕೆಗೆ ನಿದ್ದೆ ಹತ್ತಿರಲಿಲ್ಲ. ದಪ್ಪ ಸೂಜಿ ಹುಡುಕುತ್ತ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ತೋಟೆ ಉರುಳಿ ಕೈಗೆ ಬಂತು. ಲಂಗದ ಅಂಚಿನಲ್ಲಿ ತಿಕ್ಕಿದೆ; ಕಲೆ ಹೋಗಲಿಲ್ಲ. ಇಷ್ಟು ಸಣ್ಣ ವಸ್ತುವಿನ ಸಿಳ್ಳೆ ಎಷ್ಟು ದೂರ ಕೇಳೀತು ಎಂಬ ಹಾಳು ಕುತೂಹಲ. ತುಟಿಗಿಟ್ಟು ಊದಿದೆ. ಒಂದು, ಎರಡು, ಮೂರು.

ನನ್ನ ನಾಯಿ ಬಾಲ ಮುದುರಿ ಮಂಚದಡಿ ಸೇರಿತು. ಬೀದಿಯಿಂದ ಕೂಗು ಬಂತು.

“ಬಂದೆ! ಬಂದೆ ಕಣೋ! ತಡಿಯೋ, ನೀರು ತಂದೆ!”

ಅರವತ್ತಾರರ ಮುದುಕ ಓಡಿ ಬರುವ ಸದ್ದು. ಬಾಗಿಲು ದೂಡಿಕೊಂಡು ಒಳಗೆ ಬಂದ; ತಲೆಯ ಮೇಲೆ ಟೋಪಿಯಿಲ್ಲ, ಕ್ಯಾನಿನ ನೀರು ತುಳುಕಿ ಪ್ಯಾಂಟೆಲ್ಲ ಒದ್ದೆ. ಮುಖದಲ್ಲಿ ಎಂಥ ಸಂತೋಷ ಇತ್ತೆಂದರೆ ನನಗೆ ಅದನ್ನು ನೋಡಲಾಗಲಿಲ್ಲ. ಆಮೇಲೆ ನನ್ನನ್ನು ಕಂಡ. ನನ್ನ ತುಟಿಯ ಬಳಿ ಇದ್ದದ್ದನ್ನು ಕಂಡ.

“ಇತ್ತು ದಾಲ್ಮಾಸಿಯೊ,” ಎಂದೆ. ಅಳು ಬಂದುಬಿಟ್ಟಿತು. “ಕೊನೇ ಕುಣಿಕೆಯಲ್ಲಿತ್ತು. ಇಷ್ಟು ವರ್ಷ ನಿಂಗೆ ಸುಳ್ಳು ಹೇಳ್ದೆ. ತಪ್ಪಾಯ್ತು.”

ಅವನು ಕ್ಯಾನು ಕೆಳಗಿಟ್ಟು, ನನ್ನ ತೊಗಲಿನ ರಾಶಿಯ ಮೇಲೆ ಕೂತ.

“ಗೊತ್ತು.”

“ಏನು ಗೊತ್ತು?”

“ಅದನ್ನ ಅಲ್ಲಿ ಸಿಕ್ಕಿಸಿದೋನೇ ನಾನು. ಎಲ್ರಿಗಿಂತ ಮುಂದೆ ಹೋಗಿದ್ದೆ ಅವತ್ತು. ಅವನ ಮುಷ್ಟಿಯಲ್ಲಿತ್ತು. ಬೆರಳು ಬಿಡ್ಸಿ ತೆಗೆದೆ, ಉಳಿದೋರು ಬರೋಷ್ಟರಲ್ಲಿ.”

ನನಗೆ ಸಿಟ್ಟು ನೆತ್ತಿಗೇರಿತು. “ಮತ್ತೆ ವರ್ಷ ವರ್ಷ ಬಂದು ನನ್ನನ್ಯಾಕೆ ಕೇಳ್ತಿದ್ದೆ, ಪಾಪಿ?”

“ನೀನು ಇಲ್ಲ ಅಂತಿದ್ಯಲ್ಲ, ಓತಿಲಿಯಾ.” ಅವನು ಅಂಗೈ ನೋಡಿಕೊಂಡ. “ಅಷ್ಟು ಗಟ್ಟಿಯಾಗಿ ಅಂತಿದ್ದೆ. ಕೇಳ್ಕೊಂಡು ಹೋದ್ರೆ ಒಂದು ವಾರ ಚೆನ್ನಾಗಿ ನಿದ್ದೆ ಬರ್ತಿತ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಕ್ಯಾನು ಎತ್ತಿಕೊಂಡು ಕಾಡಿನ ಕಡೆ ಹೋದ. ತೋಟೆಯನ್ನು ಕೇಳಲಿಲ್ಲ. ಸಂಜೆ ಅದನ್ನು ಎವಾರಿಸ್ತೋನ ಗೋರಿಯ ಮಣ್ಣಿನಲ್ಲಿ ಹೂತು ಬಂದೆ.

ಈ ಜನವರಿ ಬಡಗಣ ಗಾಳಿ ಎದ್ದಿತು. ದಾಲ್ಮಾಸಿಯೊ ಬರಲಿಲ್ಲ. ಎರಡು ದಿನ ಕಾದೆ. ಮೂರನೆಯ ದಿನ ಮಧ್ಯಾಹ್ನ, ಇಡೀ ಊರು ಬಾಗಿಲು ಹಾಕಿಕೊಂಡಾಗ, ನಾನು ಬೇಲಿಯ ಬಳಿ ಸ್ಟೂಲು ಹಾಕಿ ಕೂತೆ. ಹುಟ್ಟಿದ ಮೇಲೆ ಆ ಹೊತ್ತಿನಲ್ಲಿ ಹೊರಗೆ ಕೂತದ್ದು ಅದೇ ಮೊದಲು. ಅವನು ಬಂದ, ಮೊದಲಿಗಿಂತ ಬಗ್ಗಿದ್ದ. ನನ್ನನ್ನು ನೋಡದೆ ದಾಟಿ ಹೋಗುತ್ತಿದ್ದ.

“ದಾಲ್ಮಾಸಿಯೊ,” ಎಂದೆ. “ಆ ಪಟ್ಟಿಯಲ್ಲಿ ಖಾಲಿ ತೋಟೆ ಇರ್ಲಿಲ್ಲ.”

ಅವನು ನಿಂತ. ಟೋಪಿ ತೆಗೆದ.

“ಸರಿಯಾಗಿ ನೋಡಿದ್ಯಾ?”

“ಎರಡು ಕಣ್ಣಿಟ್ಟು ನೋಡಿದೀನಿ.” ದನಿ ಮೊದಲಿನಷ್ಟು ಗಟ್ಟಿಯಾಗಿ ಬರಲಿಲ್ಲ. ನನಗೂ ಕೇಳಿಸಿತು, ಅವನಿಗೂ ಕೇಳಿಸಿತು.

“ಇನ್ನೊಂದ್ಸಲ ಹೇಳು,” ಎಂದ.

“ಇರ್ಲಿಲ್ಲ ಮಾರಾಯ.”

“ಇನ್ನೊಂದ್ಸಲ.”

ಮೂರನೆಯ ಸಲ ಹೇಳಲು ಬಾಯಿ ತೆರೆದೆ. ಆಗ ಕಾಡಿನ ಕಡೆಯಿಂದ ಏನೋ ಸಿಳ್ಳೆ ಹಾಕಿತು. ಹಕ್ಕಿಯೇ ಇರಬೇಕು. ಅವನು ಟೋಪಿ ಇಟ್ಟುಕೊಂಡು, ಕ್ಯಾನನ್ನು ಕೈಯಿಂದ ಕೈಗೆ ಬದಲಾಯಿಸಿ, “ಬಂದೆ” ಎಂದು ಹೊರಟ.