ಎರಡೂ ಮುಕ್ಕಾಲರ ಬಸ್ಸು

ಪೆನ್‌ರಿವ್‌ನಲ್ಲಿ ಹೆಸರುಗಳಿಗೆ ಬರ. ನಮ್ಮ ಮೇಲಿನ ಬೀದಿಯೊಂದರಲ್ಲೇ ಎರಡು ಮನೆಗೊಬ್ಬ ಪ್ರಾಸರ್ ಸಿಗುತ್ತಾನೆ. ಹಾಗಾಗಿ ವೇಲ್ಸ್‌ನ ಈ ಕಣಿವೆಗಳಲ್ಲಿ ಮನುಷ್ಯನನ್ನು ಅವನ ಕಸುಬು ಸೇರಿಸಿ ಕರೆಯುವುದು ರೂಢಿ. ಮೀನು ಮಾರುವ ಇಡ್ವಲ್, ಇಡ್ವಲ್ ಮೀನು. ಕೆಳಗಿನ ಬೀದಿಯಲ್ಲಿರುವ ಗೋರಿ ತೋಡುವವನನ್ನು ಏನೆಂದು ಕರೆಯುತ್ತೇವೆ ಅನ್ನುವುದನ್ನು ಇಲ್ಲಿ ಬರೆಯದಿರುವುದೇ ಮೇಲು. ಎಮ್ಲಿನ್ ಪ್ರಾಸರ್ ಬೆಟ್ಟ ಹತ್ತಿಳಿದು ಆಚೆ ಕಣಿವೆಗೆ ಹೋಗುವ ಬಸ್ಸನ್ನು ತನ್ನ ಆಯುಷ್ಯದ ಒಳ್ಳೆಯ ಭಾಗವೆಲ್ಲ ಓಡಿಸಿದವನು; ಅವನು ಎಮ್ಲಿನ್ ಬಸ್. ಮುಂದೆ ಆ ಮಾರ್ಗವನ್ನು ನಿಲ್ಲಿಸಿದರು. ಸಕ್ಕರೆ ಕಾಯಿಲೆ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಕೊಂಡು ಹೋಯಿತು. ಹೆಸರು ಮಾತ್ರ ಉಳಿಯಿತು.

ಹಡಗಿನ ಕಪ್ತಾನನಿಗೂ ಇಲ್ಲದ ಗತ್ತು ಎಮ್ಲಿನ್‌ಗಿತ್ತು. ಅವನಿಗೆ ಎರಡೇ ಧರ್ಮಸೂತ್ರಗಳು. ಬಸ್ಸು ತಡವಾಗಬಾರದು. ಗಾಡಿ ಕೆಟ್ಟಿದೆ ಎಂದು ಪ್ರಯಾಣಿಕರ ಮುಂದೆ ಹೇಳಬಾರದು. ಒಮ್ಮೆ ಬೆಟ್ಟದ ನೆತ್ತಿಯಲ್ಲಿ ಎಂಜಿನ್ನಿನಿಂದ ಹೊಗೆ ಬಂದು ಬಸ್ಸು ನಿಂತಾಗ, ಏನಾಯಿತು ಎಂದು ಕೇಳಿದವರಿಗೆ, "ಏನಿಲ್ಲ, ನೀವು ನೋಟ ನೋಡ್ಲಿ ಅಂತ ನಿಲ್ಲಿಸಿದ್ದೀನಿ" ಎಂದಿದ್ದನಂತೆ. ಅವತ್ತು ಮಂಜು ಕವಿದು ಕಿಟಕಿಯಾಚೆ ಬೇಲಿ ಕೂಡ ಕಾಣುತ್ತಿರಲಿಲ್ಲ. ಆದರೂ ಜನ ಅಷ್ಟು ಹೊತ್ತು ಮಂಜನ್ನೇ ನೋಡುತ್ತಾ ಕೂತಿದ್ದರು.

ಅವನ ಹೆಂಡತಿ ನೆಸ್ಟಾಳಿಗೆ ಮರೆವು ಹೆಚ್ಚಾಗಿ, ಒಲೆ ಹಚ್ಚಿಟ್ಟು ಬೀದಿಗೆ ಹೋಗುವ ಸ್ಥಿತಿ ಬಂದಾಗ ಅವಳನ್ನು ಆಚೆ ಕಣಿವೆಯ ಆರೈಕೆ ಮನೆಗೆ ಸೇರಿಸಬೇಕಾಯಿತು. ಎಮ್ಲಿನ್ ಹುಡುಕಿ ಹುಡುಕಿ ಆ ಮನೆಯನ್ನೇ ಆರಿಸಿದ. ಅದರ ಎದುರಿಗೇ ಅವನ ಹಳೆಯ ಬಸ್ಸಿನ ಕೊನೆಯ ನಿಲ್ದಾಣ. ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಅವನ ಬಸ್ಸು ಅಲ್ಲಿ ಮುಟ್ಟುತ್ತಿತ್ತು. ಮದುವೆಯಾದ ಹೊಸತರಲ್ಲಿ ನೆಸ್ಟಾ ಅಲ್ಲೇ ಹತ್ತಿರದ ಬಟ್ಟೆ ಕಾರ್ಖಾನೆಯಲ್ಲಿದ್ದಳು. ಪಾಳಿ ಮುಗಿಸಿ, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಕಾಯುತ್ತಿದ್ದಳು. ಈಗ ಅವಳ ತಲೆಯಲ್ಲಿ ಮಕ್ಕಳಿಲ್ಲ, ಮನೆಯಿಲ್ಲ, ತನ್ನ ಹೆಸರೂ ಒಮ್ಮೊಮ್ಮೆ ಇಲ್ಲ. ಎರಡೂ ಮುಕ್ಕಾಲರ ಬಸ್ಸು ಮಾತ್ರ ಇತ್ತು. ಊಟವಾದ ಮೇಲೆ ಮುಂದಿನ ಕೋಣೆಯ ಕಿಟಕಿಯ ಬಳಿ ಕೋಟು ಹಾಕಿಕೊಂಡು ಕೂರುತ್ತಿದ್ದಳು. ಎಮ್ಲಿನ್‌ನ ಕೆಂಪು ಕಾರು ಆ ಹಳೆಯ ನಿಲ್ದಾಣದಲ್ಲಿ ನಿಂತು ಎರಡು ಸಲ ಹಾರ್ನ್ ಮಾಡಿದರೆ ಅವಳ ಮುಖ ಅರಳುತ್ತಿತ್ತು. ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದರು. ರಾತ್ರಿ ಅವಳು ಗಲಾಟೆಯಿಲ್ಲದೆ ಉಂಡು ಮಲಗುತ್ತಿದ್ದಳು.

ಆ ಕಾರು ಅವನದಲ್ಲ. ಓಡಾಡಲಾಗದವರಿಗೆ ಸರಕಾರ ಕೊಡುವ ಭತ್ಯೆಯನ್ನು ಕಾರು ಯೋಜನೆಯವರಿಗೆ ಬಿಟ್ಟುಕೊಟ್ಟರೆ ಅವರು ಗುತ್ತಿಗೆಯ ಮೇಲೆ ಕಾರು ಕೊಡುತ್ತಾರೆ, ವಿಮೆ ಅವರದೇ, ರಿಪೇರಿ ಅವರದೇ. ಎಮ್ಲಿನ್‌ಗೆ ಬಲಗಾಲಿಲ್ಲದ್ದರಿಂದ ವೇಗ, ಬ್ರೇಕು ಎರಡನ್ನೂ ಕೈಯಲ್ಲೇ ನಡೆಸುವ ಹಿಡಿಕೆ ಜೋಡಿಸಿಕೊಟ್ಟಿದ್ದರು. ಶನಿವಾರ ಶನಿವಾರ ಗಾಲಿಕುರ್ಚಿಯಲ್ಲಿ ಕೂತು ಅದನ್ನು ತೊಳೆಯುತ್ತಿದ್ದ. ಕೈಗೆ ಎಟುಕದ ಮಾಡಿನ ಭಾಗವನ್ನು ಇಡ್ವಲ್ ತೊಳೆಯಬೇಕು. ಎಮ್ಲಿನ್ ಕೆಳಗಿನಿಂದ ತಪ್ಪು ಎತ್ತಿ ತೋರಿಸಬೇಕು.

ಮಾರ್ಚ್ ತಿಂಗಳಲ್ಲಿ ನಮ್ಮ ಬೀದಿಯ ತಲೆಯಲ್ಲಿ ಯಾರದೋ ಮನೆಗೆ ಸೋಫಾ ಇಳಿಸುತ್ತಿದ್ದ ವ್ಯಾನು, ಹ್ಯಾಂಡ್‌ಬ್ರೇಕ್ ಸರಿಯಾಗಿ ಎಳೆದಿರದ ಕಾರಣ, ಸೋಫಾ ಸಮೇತ ಇಳಿಜಾರಿನಲ್ಲಿ ಜಾರಿ ಬಂತು. ಎಮ್ಲಿನ್‌ನ ಕಾರಿಗೆ ಗುದ್ದಿ, ಅದಕ್ಕೂ ಗೋಡೆಗೂ ನಡುವೆ ಇದ್ದ ಜಾಗವನ್ನೆಲ್ಲ ಇಲ್ಲವಾಗಿಸಿ ನಿಂತಿತು. ಎಮ್ಲಿನ್ ಬಾಗಿಲಿಗೆ ಬಂದ. ಕಾರು ನೋಡುವ ಮೊದಲು ಗಡಿಯಾರ ನೋಡಿದ.

"ಇದನ್ನ ತೆಗೆಯೋಕೆ ಎಷ್ಟು ಹೊತ್ತು ಬೇಕು?" ಎಂದು ವ್ಯಾನಿನವನನ್ನು ಕೇಳಿದ. "ನಾನು ಇನ್ನರ್ಧ ಗಂಟೇಲಿ ಹೊರಡ್ಬೇಕು."

ವ್ಯಾನಿನವನಿಗೆ ಅಳು ಬಂತು.

ವಿಮೆಯವರು ಬಂದು ನೋಡಿ, ರಿಪೇರಿ ಮಾಡಿ ಫಲವಿಲ್ಲ, ಗುಜರಿಗೆ ಹಾಕಬೇಕು ಎಂದರು. ಯೋಜನೆಯವರು ಫೋನಿನಲ್ಲಿ ಜೇನಿನಂತೆ ಮಾತಾಡಿದರು. ಹೊಸ ಕಾರು ಕೊಡುತ್ತೇವೆ, ಅಲ್ಲಿಯವರೆಗೆ ತಾತ್ಕಾಲಿಕ ಕಾರು ಕಳಿಸುತ್ತೇವೆ. ಮಾರನೆಯ ದಿನವೇ ಥಳಥಳಿಸುವ ಬಿಳಿ ಕಾರು ಬಂತು. ಅದಕ್ಕೆ ಕೈಹಿಡಿಕೆ ಇರಲಿಲ್ಲ.

"ಅದನ್ನ ನಾನು ಯಾವ ಕಾಲಲ್ಲಿ ಓಡಿಸ್ಲಿ ಅಂತ ಕೇಳ್ದೆ," ಎಂದ ಎಮ್ಲಿನ್.

"ಏನಂದ್ರು?" ಎಂದ ಇಡ್ವಲ್.

"ಪರಿಶೀಲಿಸ್ತೀವಿ ಅಂದ್ರು."

ಪಕ್ಕದ ಮನೆಯ ಗ್ಲೆನಿಸ್ ವಿಧವೆ, ಅರ್ಧ ಬೀದಿಗೆ ಭತ್ಯೆ ಕೊಡಿಸಿದ ಗಟ್ಟಿಗಿತ್ತಿ. ಕಿಟಕಿಯಿಂದ ಬಿಳಿ ಕಾರನ್ನು ನೋಡಿ, "ಮುನಿಸ್ಕೊಂಡ ಅಳಿಯನ ಹಾಗೆ ನಿಂತಿದೆ ನೋಡು. ಉಪಕಾರಕ್ಕಿಲ್ಲ, ಹೊರಗೆ ಹಾಕೋ ಹಾಗೂ ಇಲ್ಲ" ಎಂದಳು. ಅವಳಿಗೆ ಕಾರು ಓಡಿಸಲು ಬಾರದು; ಇಡ್ವಲ್ ಓಡಿಸೋಣವೆಂದರೆ ವಿಮೆಯಲ್ಲಿ ಎಮ್ಲಿನ್‌ನ ಹೆಸರು ಮಾತ್ರ ಇತ್ತು.

ಆಮೇಲೆ ತಿಳಿದದ್ದು ಬೇರೆ ಸಂಗತಿ. ಹೊಸ ಗುತ್ತಿಗೆ ಬರೆಯಬೇಕಾದರೆ ಭತ್ಯೆಯ ಅವಧಿ ಇನ್ನೂ ಒಂದು ವರ್ಷವಾದರೂ ಬಾಕಿ ಇರಬೇಕು. ಎಮ್ಲಿನ್‌ದು ಅಷ್ಟಿರಲಿಲ್ಲ. ಹಳೆಯ ಕಾರು ಬದುಕಿದ್ದರೆ ಅದರ ಪಾಡಿಗೆ ಓಡುತ್ತಿತ್ತು. ಅದು ಸತ್ತದ್ದರಿಂದ ಈಗ ಅವನ ಕಾಲು ಇನ್ನೂ ಇಲ್ಲವೇ ಎಂದು ಹೊಸದಾಗಿ ನೋಡಬೇಕಿತ್ತು. ಅದಕ್ಕೆ ತಪಾಸಣೆಯವರು ಮನೆಗೆ ಬರಬೇಕು. ಬರುತ್ತಾರೆ, ಕಾಯಿರಿ.

ಕಾದ. ಟ್ಯಾಕ್ಸಿಯವರನ್ನು ಕೇಳಿದರೆ, ಎರಡೂ ಮುಕ್ಕಾಲರ ಹೊತ್ತಿಗೆ ಕಣಿವೆಯ ಟ್ಯಾಕ್ಸಿಗಳೆಲ್ಲ ಶಾಲೆ ಮಕ್ಕಳ ಗುತ್ತಿಗೆಯಲ್ಲಿರುತ್ತವೆ. ಇಡ್ವಲ್ ಮೀನು ಶುಕ್ರವಾರ ಬೆಳಿಗ್ಗೆ ಬೆಟ್ಟದಾಚೆ ವ್ಯಾಪಾರಕ್ಕೆ ಹೋಗುವವನು, ತನ್ನ ವ್ಯಾನಿನಲ್ಲಿ ಕೂರಿಸಿಕೊಂಡು ಹೋದ. ಹತ್ತು ಗಂಟೆಗೆ ಮೀನಿನ ವಾಸನೆಯೊಂದಿಗೆ ಒಳಗೆ ಬಂದ ಗಂಡನನ್ನು ನೆಸ್ಟಾ ಸಭ್ಯವಾಗಿ ನೋಡಿದಳು.

"ನಮ್ಮ ಮನೆಯವ್ರು ಇಲ್ಲ. ಎರಡೂ ಮುಕ್ಕಾಲಿಗೆ ಬರ್ತಾರೆ, ಆಗ ಬನ್ನಿ," ಎಂದಳು.

ಮುಂದಿನ ವಾರ ಆರೈಕೆ ಮನೆಯ ಮೇಲ್ವಿಚಾರಕಿ ಮಿಸೆಸ್ ಮೆರೆಡಿತ್ ಫೋನ್ ಮಾಡಿದಳು. ನೆಸ್ಟಾ ಮಳೆಯಲ್ಲಿ ಹೊರಗೆ ಹೋಗಿ ನಿಲ್ದಾಣದ ಕಂಬವಿದ್ದ ಜಾಗದಲ್ಲಿ ನಿಂತಿದ್ದಳು. ಅಂಚೆಯವನು ಕರೆತಂದ.

"ನೀವು ಹೊತ್ತಿಗೆ ಬಂದ್ರೆ ಒಂದು ರೀತಿ, ಮಿಸ್ಟರ್ ಪ್ರಾಸರ್. ಬರೋಕಾಗಲ್ಲ ಅಂದ್ರೆ ಅವ್ರನ್ನ ಹಿಂದಿನ ಕೋಣೆಗೆ ಕಳಿಸ್ಬೇಕಾಗುತ್ತೆ. ಅಲ್ಲಿಂದ ರಸ್ತೆ ಕಾಣಲ್ಲ."

"ಬರ್ತೀನಿ," ಎಂದ ಎಮ್ಲಿನ್. "ಸ್ವಲ್ಪ ದಿನ ತಡೀರಿ. ಕಿಟಕಿ ಮಾತ್ರ ತಪ್ಪಿಸ್ಬೇಡಿ."

ತಪಾಸಣೆಗೆ ದಿನ ಗೊತ್ತಾದಾಗ ಗ್ಲೆನಿಸ್ ಅವನ ಅಡಿಗೆಮನೆಯಲ್ಲಿ ಪಾಠ ಶುರು ಮಾಡಿದಳು.

"ನೋಡು, ಗಡ್ಡ ಕೆರೀಬೇಡ. ಶರ್ಟಿಗೆ ಇಸ್ತ್ರಿ ಹಾಕ್ಬೇಡ. ಆ ಕೃತಕ ಕಾಲು ಬೀರೂನಲ್ಲೇ ಬಿದ್ದಿರ್ಲಿ. ಕುರ್ಚಿ ಬಿಟ್ಟು ಏಳ್ಬೇಡ. ಹೇಗಿದ್ದೀರಾ ಅಂತ ಕೇಳ್ತಾರೆ. ಏನಂತೀಯಾ?"

"ಪರವಾಗಿಲ್ಲ ಅಂತೀನಿ."

"ಅಲ್ಲಿಗೆ ಮುಳುಗ್ದೆ."

"ಮತ್ತೇನನ್ಲಿ? ಮರ್ಯಾದೆಗೆ ಹೇಗಿದ್ದೀರಿ ಅಂದವ್ರಿಗೆ ಗಾಯ ಬಿಚ್ಚಿ ತೋರಿಸ್ಲಾ?"

"ತೋರ್ಸು. ಅವ್ರು ಬರೋದೇ ಅದನ್ನ ನೋಡೋಕೆ ಕಣೋ."

ಇಡ್ವಲ್ ಕನ್ನಡಕ ಮೂಗಿನ ತುದಿಗಿಳಿಸಿ ತಪಾಸಣೆಯವನಾದ. "ಮಿಸ್ಟರ್ ಪ್ರಾಸರ್, ನಿಮಗೆ ಎಷ್ಟು ದೂರ ನಡೆಯೋಕಾಗುತ್ತೆ?"

"ನಿನ್ನ ತಕ್ಕಡಿ ತೋರ್ಸೋ ಅಷ್ಟು ಸುಳ್ಳು ಹೇಳೋಕೆ ನನಗೆ ಬರಲ್ಲ."

"ಸುಳ್ಳು ಯಾರು ಹೇಳು ಅಂದ್ರು, ಮಾರಾಯ? ನಿಜ ಹೇಳೋಕೆ ತಾನೇ ನಿನಗೆ ಬರದೇ ಇರೋದು."

ಅವತ್ತು ಎಮ್ಲಿನ್ ತಲೆಯಾಡಿಸಿದ. ಆಯಿತು, ನೆಸ್ಟಾಳಿಗೋಸ್ಕರ ಎಂದ. ಗ್ಲೆನಿಸ್‌ಗೆ ನಂಬಿಕೆ ಬಂತು. ಅದು ಅವಳ ತಪ್ಪು.

ತಪಾಸಣೆಗೆ ಬಂದವಳು ನಗರದ ಹುಡುಗಿ, ಮಿಸ್ ಫಾರೋ. ಜಿನುಗು ಮಳೆ. ನಮ್ಮ ಬೀದಿಯ ಮನೆಗಳಿಗೆಲ್ಲ ರಸ್ತೆಯಿಂದ ಕಡಿದಾದ ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ಹುಡುಗಿ ಜಾರಿ ಕಂಬಿ ಹಿಡಿದುಕೊಂಡಳು. ತಲೆಯೆತ್ತಿದರೆ ಬಾಗಿಲಲ್ಲಿ ಎಮ್ಲಿನ್ ನಿಂತಿದ್ದಾನೆ. ಗಡ್ಡ ಕೆರೆದಿದೆ. ಅವನು ಹಾಡುವ ಊರ ಗಾಯಕ ಮಂಡಳಿಯ ನೀಲಿ ಕೋಟು, ಅದರ ಹಿತ್ತಾಳೆ ಗುಂಡಿಗಳು ಮಿಂಚುತ್ತಿವೆ. ಕೋಟಿನ ಕೆಳಗೆ ಎರಡು ಕಾಲು.

ಪಕ್ಕದ ಅಡಿಗೆಮನೆಯಲ್ಲಿದ್ದ ಗ್ಲೆನಿಸ್‌ಗೆ ತೆಳು ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. ತಟ್ಟೆ ಸದ್ದಾಯಿತು. ಅವಳೇ ಬೇಯಿಸಿಕೊಟ್ಟಿದ್ದ ಒಣದ್ರಾಕ್ಷಿ ಹಾಕಿದ ಕೇಕಿನ ಬಿಲ್ಲೆಗಳು, ಚಹಾ. ಎಮ್ಲಿನ್ ತಾನೇ ಹೊತ್ತು ತಂದ.

"ನಡೆಯುವಾಗ ನೋವಿರುತ್ತಾ, ಮಿಸ್ಟರ್ ಪ್ರಾಸರ್?"

"ಏನಿಲ್ಲ ತಾಯಿ. ಅಭ್ಯಾಸ ಆಗಿದೆ."

"ಮೆಟ್ಟಿಲು?"

"ನಿಧಾನಕ್ಕೆ. ಇನ್ನೊಂದು ಬಿಲ್ಲೆ ತಗೊಳ್ಳಿ."

ಗ್ಲೆನಿಸ್ ತನ್ನ ಕಡೆಯ ಗೋಡೆಗೆ ಸೌಟಿನಿಂದ ಬಡಿದಳು. ಅವನು, "ಹಳೇ ಮನೆ, ಪೈಪು ಸದ್ದು ಮಾಡುತ್ತೆ" ಎಂದ.

ಇಷ್ಟಕ್ಕೇ ಮುಗಿದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಹುಡುಗಿ ಹೊರಟಾಗ ಮಳೆ ಬಲವಾಗಿತ್ತು. "ಮೆಟ್ಟಿಲು ಜಾರುತ್ತೆ, ನನ್ನ ತೋಳು ಹಿಡ್ಕೊಳ್ಳಿ" ಎಂದು ಎಮ್ಲಿನ್ ಅವಳನ್ನು ಒಂದೊಂದೇ ಮೆಟ್ಟಿಲು ಇಳಿಸಿ, ಕಾರಿನ ತನಕ ಕರೆದೊಯ್ದು, ಬಾಗಿಲು ತೆಗೆದು ಹಿಡಿದ. "ಎರಡನೇ ಗೇರಲ್ಲೇ ಇಳೀರಿ. ಬ್ರೇಕ್ ಒತ್ತಿ ಹಿಡ್ಕೋಬೇಡಿ." ಹುಡುಗಿ ಮನಸಾರೆ ಥ್ಯಾಂಕ್ಸ್ ಹೇಳಿದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವನು ನೆಟ್ಟಗೆ ನಿಂತಿದ್ದ. ಆಮೇಲೆ ಕೊನೆಯ ಮೆಟ್ಟಿಲ ಮೇಲೆ ಕುಸಿದ.

ಇಡ್ವಲ್ ಮತ್ತು ಗ್ಲೆನಿಸ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತುಕೊಂಡು ಹೋದರು. ಕೃತಕ ಕಾಲು ಬಿಚ್ಚಿದಾಗ ಒಳಗಿನ ಕಾಲುಚೀಲ ರಕ್ತದಲ್ಲಿ ನೆನೆದು ಚರ್ಮಕ್ಕೆ ಅಂಟಿತ್ತು. ಗ್ಲೆನಿಸ್ ಬಿಸಿನೀರು ಹಾಕಿ ನಿಧಾನಕ್ಕೆ ಬಿಡಿಸಿದಳು.

"ಏನು ಮಾಡ್ಕೊಂಡೆ ಎಮ್ಲಿನ್."

"ಆ ಹುಡುಗಿ ಬಿದ್ದಿದ್ರೆ?"

"ಬೀಳ್ಲಿ. ಬಿದ್ದಿದ್ರೆ ಈ ಮೆಟ್ಟಿಲು ಏನು ಅಂತ ಅವಳಿಗಾದ್ರೂ ಗೊತ್ತಾಗ್ತಿತ್ತು."

ತೀರ್ಮಾನ ಬಂತು. ಮಿಸ್ಟರ್ ಪ್ರಾಸರ್ ಸ್ವಂತವಾಗಿ ಮೆಟ್ಟಿಲು ಇಳಿದರು, ಇಳಿಯುವಾಗ ಇನ್ನೊಬ್ಬರಿಗೆ ಆಸರೆಯಾದರು ಎಂದು ಅದರಲ್ಲಿತ್ತು. ಹುಡುಗಿ ಒಂದಕ್ಷರ ಸುಳ್ಳು ಬರೆದಿರಲಿಲ್ಲ. ಭತ್ಯೆ ಇಳಿಯಿತು, ಆ ಇಳಿದ ಭತ್ಯೆಗೆ ಕಾರಿಲ್ಲ. ಬಿಳಿ ಕಾರನ್ನೂ ಯಾರೋ ಬಂದು ಓಡಿಸಿಕೊಂಡು ಹೋದರು. ತಂದು ನಿಲ್ಲಿಸಿದ ಮೇಲೆ ಅದನ್ನು ನಮ್ಮ ಬೀದಿಯಲ್ಲಿ ಯಾರಾದರೂ ಓಡಿಸಿದ್ದು ಅದೊಂದೇ ಸಲ.

ಅದೇ ವಾರ ನೆಸ್ಟಾ ಇನ್ನೊಮ್ಮೆ ಹೊರಗೆ ಹೋದಾಗ ಲಾರಿಯೊಂದು ಅವಳ ಮುಂದೆ ಕಿರುಚಿ ನಿಂತಿತು. ಅವಳನ್ನು ಹಿಂದಿನ ಕೋಣೆಗೆ ಕಳಿಸಿದರು.

ಮೇಲ್ಮನವಿಯನ್ನು ಗ್ಲೆನಿಸ್ ಹಾಕಿಸಿದಳು. ಅದು ನಡೆಯುವ ಹೊತ್ತಿಗೆ ಶರತ್ಕಾಲ ಬಂದು ಬೆಟ್ಟದ ಮೇಲಿನ ಜರಿಗಿಡಗಳೆಲ್ಲ ಕೆಂಪಾಗಿದ್ದವು. ಮೇಜಿನಾಚೆ ಮೂವರು ಕೂತಿದ್ದರು. ಪಕ್ಕದಲ್ಲಿ ಕೂತಿದ್ದ ಗ್ಲೆನಿಸ್ ಹೇಳುವಂತೆ, ನಡುವಿನವರು ಅದೇ ಪ್ರಶ್ನೆ ಕೇಳಿದರು. ಹೇಗಿದ್ದೀರಿ? ಎಮ್ಲಿನ್ ಗೋಡೆಯ ಗಡಿಯಾರ ನೋಡಿದ.

"ಗಾಡಿ ಕೆಟ್ಟಿದೆ, ಸ್ವಾಮಿ," ಎಂದ. "ಯಾವತ್ತೋ ಕೆಟ್ಟಿದೆ. ಪ್ರಯಾಣಿಕರ ಮುಂದೆ ಹೇಳಿ ಅಭ್ಯಾಸವಿಲ್ಲ, ಅಷ್ಟೇ." ಬಗ್ಗಿ ಪ್ಯಾಂಟು ಮಡಚತೊಡಗಿದ. ಬೇಡ ಬೇಡ ಎಂದು ಅವರೇ ತಡೆದರು.

ಗೆದ್ದ. ಕಾರು ಬಂತು, ಬೂದು ಬಣ್ಣದ್ದು, ಕೈಹಿಡಿಕೆ ಸಮೇತ. ಮೊದಲ ದಿನ ಇಡ್ವಲ್ ಜೊತೆಗೆ ಹೋದ. ಬೆಟ್ಟವನ್ನು ಎಮ್ಲಿನ್ ಹಿಂದಿನಂತೆಯೇ ಹತ್ತಿದ, ಇಳಿದ. ಎರಡೂ ಮುಕ್ಕಾಲಿಗೆ ಹಳೆಯ ನಿಲ್ದಾಣದಲ್ಲಿ ನಿಂತು ಎರಡು ಸಲ ಹಾರ್ನ್ ಮಾಡಿದ. ಮುಂದಿನ ಕಿಟಕಿಯಲ್ಲಿ ಗುರುತಿಲ್ಲದ ಮುದುಕನೊಬ್ಬ ತಲೆಯೆತ್ತಿ ನೋಡಿ ಮತ್ತೆ ತೂಕಡಿಸಿದ.

ಹಿಂದಿನ ಕೋಣೆಯಲ್ಲಿ ನೆಸ್ಟಾ ಕೋಟಿಲ್ಲದೆ ಕೂತಿದ್ದಳು. ಕಿಟಕಿಯಾಚೆ ಕಸದ ಡಬ್ಬಗಳು, ಅದರಾಚೆ ಗುಡ್ಡ.

"ಈಗ ಬಹಳ ಶಾಂತವಾಗಿದ್ದಾರೆ," ಎಂದಳು ಮಿಸೆಸ್ ಮೆರೆಡಿತ್. "ಬಾಗಿಲ ಹತ್ರ ಹೋಗೋದೇ ಇಲ್ಲ."

ಎಮ್ಲಿನ್ ಗಾಲಿಕುರ್ಚಿಯನ್ನು ಅವಳ ಪಕ್ಕಕ್ಕೆ ಸರಿಸಿ ಫ್ಲಾಸ್ಕ್ ತೆಗೆದ. "ಎರಡೂ ಮುಕ್ಕಾಲರ ಬಸ್ಸು ಬಂತು, ನೆಸ್ಟಾ. ಹೊತ್ತಿಗೆ ಸರಿಯಾಗಿ."

ಅವಳು ಅವನನ್ನು ತುಸು ಕನಿಕರದಿಂದ ನೋಡಿದಳು. ಗೊತ್ತಿಲ್ಲದ ಊರಿಗೆ ಬಂದವನಿಗೆ ದಾರಿ ಹೇಳುವ ಹಾಗೆ ಹೇಳಿದಳು:

"ಇಲ್ಲಪ್ಪ. ಆ ಬಸ್ಸು ಬರಲ್ಲ. ನಾನು ತುಂಬ ದಿನ ಕಾದು ನೋಡ್ದೆ."

ಹೊರಡುವಾಗ ಮಿಸೆಸ್ ಮೆರೆಡಿತ್ ಬಾಗಿಲ ತನಕ ಬಂದಳು. ಹಾರ್ನ್ ಮಾಡಬೇಡಿ, ಉಳಿದವರ ನಿದ್ದೆ ಕೆಡುತ್ತದೆ ಎಂದಳು. ಇನ್ನು ಮೇಲೆ ಯಾವಾಗ ಬೇಕಾದರೂ ಬನ್ನಿ, ಅವರಿಗೆ ಈಗ ಹೊತ್ತಿನ ಗೊಡವೆಯಿಲ್ಲ ಎಂದೂ ಹೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಎಮ್ಲಿನ್ ಈಗಲೂ ದಿನಾ ಅದೇ ಹೊತ್ತಿಗೆ ಹೊರಡುತ್ತಾನೆ. ನಮ್ಮ ಬೀದಿಯವರು ಬೂದು ಕಾರು ನೋಡಿ ಗಡಿಯಾರ ತಿದ್ದಿಕೊಳ್ಳಬಹುದು. ಹಾರ್ನ್ ಮಾಡುವುದಿಲ್ಲ. ಸಂಜೆ ಹಿಂದಿರುಗಿದಾಗ ಗ್ಲೆನಿಸ್ ಬಾಗಿಲಲ್ಲಿ ನಿಂತಿರುತ್ತಾಳೆ.

"ಹೇಗಿದ್ದಾಳೆ ನೆಸ್ಟಾ?"

"ಪರವಾಗಿಲ್ಲ."

ಅವಳು ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತಾಳೆ.