ದ್ವೀಪದಲ್ಲಿ ತಿಂದ ಪತ್ತಿರ್

ಮೊನ್ನೆ ಸಂಜೆ ನಾಲ್ಕರ ಹೊತ್ತಿಗೆ ಕಾರ್ಕಳದ ಬಸ್ ನಿಲ್ದಾಣದ ಬಳಿ ಕೊಡೆ ರಿಪೇರಿಗೆ ಕೊಟ್ಟು ಕೂತಿದ್ದೆ. ಅಂಗಡಿಯ ಹಿಂದಿನ ಮನೆಯಿಂದ ಅಕ್ಕಿಹಿಟ್ಟಿನ ಪತ್ತಿರ್ ರೊಟ್ಟಿ ಬೇಯುವ ವಾಸನೆ. ಅಂಗಡಿಯ ಅದ್ರಾಮಾಕನಿಗೂ ಒಂದು ಚಹಾ ಹೇಳಿದೆ.

"ನನಗೆ ಬೇಡ ಸಾರ್, ಉಪವಾಸ ಉಂಟು."

"ಈ ಮೇ ತಿಂಗಳ ಸೆಖೆಯಲ್ಲಿ ರಂಝಾನಾ?"

"ನಮ್ಮದು ಚಂದ್ರನ ಲೆಕ್ಕ ಅಲ್ವಾ? ವರ್ಷ ವರ್ಷ ಸ್ವಲ್ಪ ಹಿಂದೆ ಬರ್ತದೆ. ಮೂವತ್ತಮೂರು ವರ್ಷಕ್ಕೆ ಒಂದು ಸುತ್ತು. ನಾನು ಈ ಅಂಗಡಿ ಹಾಕಿದ ವರ್ಷವೂ ಮೇಯಲ್ಲೇ ಇತ್ತು."

ನನ್ನ ಚಹಾ ಆರಿಹೋಯಿತು. ಯಾಕೆಂದರೆ ಆ ಸುತ್ತಿನ ಇನ್ನೊಂದು ತುದಿಯಲ್ಲಿ, ಎಂಬತ್ತರ ದಶಕದ ಒಂದು ಮೇ ತಿಂಗಳಲ್ಲಿ, ನಾನು ಮಲ್ಪೆಯ ಎದುರಿನ ದ್ವೀಪದಲ್ಲಿ ಕೂತು ಪತ್ತಿರ್ ತಿನ್ನುತ್ತಿದ್ದೇನೆ. ಪಕ್ಕದಲ್ಲಿ ಕಾಪುವಿನ ಹಂಝ ಇದ್ದಾನೆ.

ಉಡುಪಿಯ ಕಾಲೇಜಿನಲ್ಲಿ ನಾವು ಒಂದೇ ಬೆಂಚಿನವರು. ನಾನು ಮೈಸೂರಿಗೆ ಹೋಗಿ ತತ್ವಶಾಸ್ತ್ರ ಓದಿ, ಕಂಡದ್ದನ್ನೆಲ್ಲ ಸಂಶಯಿಸುವ ಹೊಸ ಉತ್ಸಾಹದಲ್ಲಿ ಊರಿಗೆ ಮರಳಿದ್ದೆ. ಅವನು ಮುಂದಿನ ವಾರ ಗಲ್ಫಿಗೆ ಹೊರಡುವವನಿದ್ದ. ಒಂದು ದಿನ ಸುಮ್ಮನೆ ಜೊತೆಗಿರೋಣ ಎಂದು ಮೀನಿನ ದೋಣಿಯೊಂದನ್ನು ಹತ್ತಿದೆವು.

ಆ ದಿನ ನಿಜವಾಗಿ ನಡೆಯಿತೋ, ನಾನು ಕಂಡ ಕನಸೋ ಎಂದು ಕೆಲವೊಮ್ಮೆ ಅನುಮಾನ ಬರುತ್ತದೆ. ಮರಳಿರಬೇಕಾದಲ್ಲಿ ಬರೀ ಚಿಪ್ಪು. ಯಾರೋ ಕೊಯ್ದು ಕಟ್ಟಿ ನಿಲ್ಲಿಸಿದಂಥ ಕಪ್ಪು ಕಲ್ಲಿನ ಕಂಬಗಳು. ಅವುಗಳ ನಡುವೆ ನೀರು ನುಗ್ಗುವಾಗ ಯಾರೋ ನಿದ್ದೆಯಲ್ಲಿ ಉಸಿರಾಡಿದ ಸದ್ದು. ತೆಂಗಿನ ನೆರಳು ನಿಧಾನವಾಗಿ ಜರುಗಿದಂತೆ ನಾವೂ ಜರುಗುತ್ತಿದ್ದೆವು. "ಸಾಕ್ಷಿ ಇಲ್ಲದೆ ಯಾವುದನ್ನೂ ನಂಬಬಾರದು ಹಂಝಾ" ಎಂದು ನಾನು ಗಂಟೆಗಟ್ಟಲೆ ಭಾಷಣ ಬಿಗಿದೆ. ಅವನು ಮುಖದ ಮೇಲೆ ಟವೆಲು ಹಾಕಿ ಮಲಗಿದ್ದ. "ದ್ವೀಪಕ್ಕೆ ಬಂದು ನಿದ್ದೆ ಮಾಡ್ತೀಯಲ್ಲ" ಎಂದು ಬೈದದ್ದೂ ನೆನಪಿದೆ.

ಮಧ್ಯಾಹ್ನ ಅವನು ಬುತ್ತಿ ಬಿಚ್ಚಿದ. ಅವನ ಉಮ್ಮ ಕಟ್ಟಿಕೊಟ್ಟ ಪತ್ತಿರ್, ಒಣಮೀನಿನ ಚಟ್ನಿ. ಒಂದೇ ಬಾಳೆಲೆಯಲ್ಲಿ ಇಬ್ಬರೂ ತಿಂದೆವು ಎಂದು ಇಷ್ಟು ವರ್ಷ ಎಷ್ಟು ಜನರಿಗೆ ಹೇಳಿದ್ದೇನೋ! ಹೆಂಡತಿಗೆ, ಮಕ್ಕಳಿಗೆ, ಪಾಠ ಮಾಡುವ ತರಗತಿಯಲ್ಲಿ ಸ್ನೇಹದ ಮಾತು ಬಂದಾಗಲೆಲ್ಲ. ಆದರೆ ಕೊಡೆ ಅಂಗಡಿಯ ಸ್ಟೂಲಿನಲ್ಲಿ ಕೂತು ಕಣ್ಣು ಮುಚ್ಚಿದರೆ, ಪತ್ತಿರ್ ಮುರಿಯುವ ಅವನ ಕೈ ಸ್ಪಷ್ಟವಾಗಿ ಕಾಣುತ್ತದೆ. ಬಾಯಿ ಕಾಣುವುದಿಲ್ಲ. ದೋಣಿಯವನು ಕೊಟ್ಟ ಎಳನೀರನ್ನೂ ನಾನೇ ಎರಡು ಕುಡಿದಿದ್ದೆ.

ಮನೆಗೆ ಬಂದವನೇ ಫೋನು ಮಾಡಿದೆ. ಹಂಝ ಗಲ್ಫಿನಿಂದ ಮರಳಿ ಕಾಪುವಿನಲ್ಲೇ ಇದ್ದಾನೆ.

"ಆ ದಿನ ದ್ವೀಪದಲ್ಲಿ ನೀನು ತಿಂದಿದ್ದೆಯಾ?"

ಅವನು ಬಹಳ ಹೊತ್ತು ನಕ್ಕ. "ಎಂತ ಮಾರಾಯ, ಈಗ ಕೇಳುವುದಾ? ಹಿಂದಿನ ಸಂಜೆ ಚಂದ್ರ ಕಂಡಿತ್ತು. ಅವತ್ತು ರಂಝಾನಿನ ಮೊದಲ ಉಪವಾಸ. ಹೇಳಿದ್ದರೆ ನೀನು ಬರ್ತಿದ್ದೆಯಾ? ಬಂದರೂ ತಿನ್ನುತ್ತಿರಲಿಲ್ಲ. ಉಮ್ಮ ನಿನಗೆ ಅಂತಲೇ ಮಾಡಿದ್ದು."

"ನನಗೆ ಗೊತ್ತೇ ಆಗಲಿಲ್ಲವಲ್ಲ."

"ನೀನು ದೇವರು ಇದ್ದಾನಾ ಇಲ್ವಾ ಅಂತ ಹುಡುಕ್ತಾ ಇದ್ದೆ. ಅದರ ಮಧ್ಯೆ ನನ್ನ ಹೊಟ್ಟೆ ಎಲ್ಲಿ ಕಾಣ್ತದೆ?"

ಮತ್ತೆ ಅವನೇ ಹೇಳಿದ: "ನಾಳೆ ಸಂಜೆ ಬಾ."

ಮರುದಿನ ಬೆಳಗಿನಿಂದ ಏನೂ ತಿನ್ನಲಿಲ್ಲ. ಭಕ್ತಿಯೇನಲ್ಲ, ಬರೀ ಹಟ. ಬಸ್ಸು ಶಿರ್ವ ದಾಟುವಷ್ಟರಲ್ಲಿ ತಲೆ ಸುತ್ತಿತು, ನಾಲಿಗೆ ಒಣಗಿತು. ಹಂಝ ಇದೇ ಬಾಯಾರಿಕೆಯಲ್ಲಿ ದೋಣಿ ಹತ್ತಿ, ಬಿಸಿಲಲ್ಲಿ ನನ್ನ ಭಾಷಣ ಕೇಳಿ, ಬುತ್ತಿ ಬಿಚ್ಚಿ ಬಡಿಸಿದ್ದ.

ಕಾಪುವಿನಲ್ಲಿ ಅವನ ಜಗಲಿಯಲ್ಲಿ ಹೊತ್ತು ಮುಳುಗುವುದನ್ನು ಕಾದೆವು. ಮಸೀದಿಯ ಬಾಂಗ್ ಕೇಳಿಸಿತು. ಅವನು ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ಪತ್ತಿರ್ ಮುರಿದು ಅರ್ಧ ನನ್ನ ಕಡೆ ಚಾಚಿದ. ಅದೇ ಕೈ. ನಾನು ತುಂಡನ್ನು ಹಿಡಿದುಕೊಂಡು ಹಾಗೇ ಕೂತೆ.

"ಎಂತ ನೋಡ್ತಾ ಇದ್ದೀ? ತಿನ್ನು ಮಾರಾಯ."

"ಮೊದಲು ನೀನು ತಿನ್ನು" ಎಂದೆ. "ನಾನು ನೋಡಬೇಕು."